ಆಯೋಗಕ್ಕೆ ಅಂಜಿದ ಸಾಹೇಬರು

ಕಳೆದ ತಿಂಗಳು ಇಂಡಿಯಲ್ಲಿ ನಮ್ಮ ಸಾಹೇಬರ ಬೀಳ್ಕೊಡುಗೆ ಸಮಾರಂಭವಾಯಿತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಇಂಡಿ ಎಂದು ನಾಲ್ಕು ತಾಲ್ಲೂಕಿನ ನಿಂಬೆ, ದ್ರಾಕ್ಷಿ, ದಾಳಿಂಬೆಗಳನ್ನು ಕಂಡು ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಮನುಷ್ಯ. ವೇದಿಕೆಯ ಮೇಲೆ ಒಂಬತ್ತು ಜನ ಮಾತಾಡಿದರು. ಒಬ್ಬರು ಅವರನ್ನು ಧೀಮಂತ ಅಧಿಕಾರಿ ಎಂದರು. ಇನ್ನೊಬ್ಬರು ಎದೆಗಾರ ಎಂದರು. ಮೂರನೆಯವರು ಸಿಂಹ ಎಂದೇ ಬಿಟ್ಟರು. ಆ ಹೊತ್ತಿಗೆ ಸಾಹೇಬರು ಹೊದಿಸಿದ ಶಾಲಿನೊಳಗೆ ಇನ್ನಷ್ಟು ಕುಗ್ಗಿ, ಕೊರಳಿನ ಹಾರ ತೆಗೆದಿಡಲು ಯಾರ ಅನುಮತಿ ಕೇಳಬೇಕೆಂದು ಸುತ್ತ ನೋಡುತ್ತಿದ್ದರು.

ನನಗೆ ಮಾತಾಡಲು ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೆ, ಇವರಷ್ಟು ಅಂಜುವ ಮನುಷ್ಯನನ್ನು ನಾನು ಜನ್ಮದಲ್ಲಿ ಕಂಡಿಲ್ಲ ಎನ್ನುತ್ತಿದ್ದೆ. ಹಾಗೆ ಅಂದಿದ್ದರೆ ಊಟಕ್ಕೆ ಮೊದಲೇ ನನ್ನನ್ನು ಊರಿಗೆ ಕಳಿಸುತ್ತಿದ್ದರು. ಆದರೆ ಅದು ನಿಜ. ಮತ್ತು ಆ ಅಂಜಿಕೆಯಿಂದಲೇ ಒಂದು ಊರು ಬಹಳ ವರ್ಷಗಳ ಮೇಲೆ ಮತ ಹಾಕಿತು ಎಂಬುದೂ ನಿಜ. ಅದನ್ನು ವೇದಿಕೆಯ ಮೇಲೆ ಐದು ನಿಮಿಷದಲ್ಲಿ ಹೇಳಲು ಬರುತ್ತಿರಲಿಲ್ಲ, ಬರೆಯಬಹುದು.

ನಾನು ಹೂವಿನ ಹಿಪ್ಪರಗಿಯ ಕಡೆ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವ ಮಾಸ್ತರ. ಸಾಹೇಬರು ಆಗ ಬಾಗೇವಾಡಿ ತಾಲ್ಲೂಕಿನಲ್ಲಿದ್ದರು. ರೈತರು ಅವರಿಗೆ 'ನೋಡೂಣ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ದಾಳಿಂಬೆಗೆ ಚುಕ್ಕೆ ಬಿದ್ದಿದೆ ಎಂದರೆ "ನೋಡೂಣ್ರಿ" ಎನ್ನುವರು. ಹನಿ ನೀರಾವರಿಯ ಅರ್ಜಿ ಎಲ್ಲಿಗೆ ಬಂತು ಎಂದರೆ "ನೋಡೂಣ್ರಿ". ಚಹಾ ಬೇಕೋ ಕಾಫಿಯೋ ಎಂದರೂ ಅದೇ. ನಿಕಾಹದ ದಿನ ಕಾಜಿಯವರು ಮೊದಲ ಸಲ ಕೇಳಿದಾಗ ಸಾಹೇಬರು ಅಭ್ಯಾಸಬಲದಿಂದ ಅದನ್ನೇ ಹೇಳಿಬಿಟ್ಟರೆಂದು ಕೊಲ್ಹಾರದ ಅವರ ಹೆಂಡತಿಯ ತಮ್ಮ ಇಂದಿಗೂ ಹೇಳಿ ನಗುತ್ತಾನೆ. ಹೌದು ಎಂದರೆ ಯಾಕೆಂದು ಒಬ್ಬರು ಕೇಳುತ್ತಾರೆ, ಇಲ್ಲ ಎಂದರೆ ಯಾಕೆಂದು ಇನ್ನೊಬ್ಬರು ಕೇಳುತ್ತಾರೆ ಎಂಬುದು ಅವರ ಲೆಕ್ಕ. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಅದು ತಾನಾಗಿ ನಿಲ್ಲುವವರೆಗೂ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಮೇಲಧಿಕಾರಿಯ ಪತ್ರ ಬಂದರೆ ಮೊದಲು ಲಕೋಟೆಯನ್ನು ಬೆಳಕಿಗೆ ಹಿಡಿದು, ಒಳಗೆ ಕೆಂಪು ಮಸಿ ಕಂಡರೆ ಆ ದಿನ ಊಟ ಬಿಡುತ್ತಿದ್ದರು.

ಇಂಥವರನ್ನು ಒಂದು ಗ್ರಾಮ ಪಂಚಾಯತಿಗೆ ಚುನಾವಣಾಧಿಕಾರಿ ಎಂದು ನೇಮಿಸಿ ಆದೇಶ ಬಂತು. ಅವರಿಗೆ ಸಹಾಯಕ ಚುನಾವಣಾಧಿಕಾರಿ ಎಂದು ನನ್ನ ಹೆಸರು. ಹೋದ ಸಲದ ಪಂಚಾಯತಿ ಚುನಾವಣೆ, ಎಲ್ಲರೂ ಮೂಗುಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದ ಮಾಸ್ಕಿನ ಕಾಲ.

ನಮಗೆ ತಾಲ್ಲೂಕು ಕೇಂದ್ರದಲ್ಲಿ ತರಬೇತಿಯಾಯಿತು. ಪಂಚಾಯತಿ ಚುನಾವಣೆ ನಡೆಸುವುದು ರಾಜ್ಯದ ಚುನಾವಣಾ ಆಯೋಗ, ಅದು ಸಂವಿಧಾನದಿಂದ ಹುಟ್ಟಿದ್ದು, ಸರ್ಕಾರವೂ ಅದರ ಕೆಲಸದಲ್ಲಿ ಕೈ ಹಾಕುವಂತಿಲ್ಲ, ಇವತ್ತಿನಿಂದ ನೀವೆಲ್ಲ ಅದರ ನಿಯೋಜನೆಯ ಮೇಲೆ ಇದ್ದೀರಿ ಎಂದು ತರಬೇತುದಾರರು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ನಾನು ಸುತ್ತ ನೋಡಿದೆ. ಆಯೋಗ ಸ್ವತಂತ್ರ, ನಿಜ. ನಾವು ಕುಳಿತ ಕುರ್ಚಿ ಕಾಲೇಜಿನದು, ಮೈಕು ಮದುವೆ ಮಂಟಪದ್ದು, ಹೊರಗೆ ನಿಂತ ಜೀಪು ಕೃಷಿ ಇಲಾಖೆಯದು, ಡೀಸೆಲ್ಲು ಕಂದಾಯದವರದು. ಮನುಷ್ಯರಂತೂ ಕುರಿ ಇಲಾಖೆಯಿಂದ ಹಿಡಿದು ಕುಡಿಯುವ ನೀರಿನವರೆಗೆ ಎಲ್ಲ ಕಡೆಯಿಂದ ಬಂದವರು. ಆಯೋಗದ್ದೇ ಸ್ವಂತ ಅನ್ನುವಂಥದ್ದು ಅಲ್ಲಿ ಒಂದೇ ಇತ್ತು, ಕೈಗೆ ಕೊಟ್ಟ ಕೈಪಿಡಿ.

ಸಾಹೇಬರು ಆ ಕೈಪಿಡಿಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಮರುದಿನ ಅದಕ್ಕೆ ಕಂದು ಕಾಗದದ ರಟ್ಟು ಹಾಕಿ, ಮೇಲೆ ತಮ್ಮ ಹೆಸರು ಬರೆದುಕೊಂಡು ಬಂದರು. ಮೂರು ದಿನದಲ್ಲಿ ಎರಡು ಸಲ ಓದಿ ಮುಗಿಸಿದ್ದರು. ಎಲ್ಲೆಲ್ಲಿ 'ಚುನಾವಣಾಧಿಕಾರಿಯು ಹೊಣೆಗಾರನಾಗತಕ್ಕದ್ದು' ಎಂದಿತ್ತೋ ಅಲ್ಲೆಲ್ಲ ಪೆನ್ಸಿಲ್ ಗೆರೆ. ಗೆರೆ ಇಲ್ಲದ ಪುಟವೇ ಇರಲಿಲ್ಲ.

"ಮಾಸ್ತರ್ರ," ಎಂದರು ನನಗೆ, ದನಿ ತಗ್ಗಿಸಿ. "ಇದರಾಗ ಒಂದು ಕಡೆ 'ಚುನಾವಣಾಧಿಕಾರಿಗೆ ತೃಪ್ತಿಯಾದಲ್ಲಿ' ಅಂತ ಐತಿ. ಇಷ್ಟು ವರ್ಷ ನೌಕರಿ ಮಾಡೇನಿ, ನನಗ ತೃಪ್ತಿ ಆತೋ ಇಲ್ಲೋ ಅಂತ ಯಾರೂ ಕೇಳಿದ್ದಿಲ್ಲ."

ಅವರಿಗೆ ಅದು ಸಂತೋಷದ ಮಾತಾಗಿರಲಿಲ್ಲ. ತೃಪ್ತಿಯಾಗದೆ ತೃಪ್ತಿಯಾಯಿತು ಎಂದು ಬರೆದರೆ ಏನು ಶಿಕ್ಷೆ ಎಂದು ಆ ರಾತ್ರಿಯೆಲ್ಲ ಹುಡುಕಿದ್ದರಂತೆ.

ನಮ್ಮ ಪಾಲಿಗೆ ಬಂದ ಊರಿನ ಹೆಸರು ಇಲ್ಲಿ ಬೇಡ. ಅಲ್ಲೊಬ್ಬರು ಗೌಡರು. ಎತ್ತರದ ಆಳು, ನಗುಮುಖ, ಮಾತು ಬಹಳ ಮೃದು. ನಾಮಪತ್ರ ತೆಗೆದುಕೊಳ್ಳುವ ಮೊದಲ ದಿನವೇ ಪಂಚಾಯತಿ ಕಟ್ಟಡಕ್ಕೆ ಬಂದು ನಮಗೆ ಬೆಲ್ಲದ ಚಹಾ ತರಿಸಿದರು. ಸಾಹೇಬರು ಅದನ್ನು ಕುಡಿಯಬಹುದೇ ಎಂದು ಕೈಪಿಡಿಯಲ್ಲಿ ಹುಡುಕಿದರು. ಹುಡುಕಿ ಮುಗಿಯುವಷ್ಟರಲ್ಲಿ ಚಹಾ ಆರಿತು. ಗೌಡರು ವಿಷಯ ಹೇಳಿದರು:

"ನಮ್ಮೂರಾಗ ಎಲೆಕ್ಷನ್ ಅಂಬೂದು ಇಲ್ರಿ ಸಾಹೇಬ್ರ. ಹಿರ್ಯಾರು ಕುಂತು ಮಾತಾಡಿ ಮುಗಸ್ತೇವಿ. ಎಲ್ಲಾ ಅವಿರೋಧ. ನೀವು ಸಹಿ ಮಾಡೂದಷ್ಟ."

ಅವರು ಹೇಳಿದ್ದು ಸುಳ್ಳಲ್ಲ. ಯಾವ ವಾರ್ಡಿಗೆ ಯಾರು ಎಂಬುದನ್ನು ದೇವಸ್ಥಾನದ ಕಟ್ಟೆಯ ಮೇಲೆ ಹಂಚಿಕೊಂಡಿದ್ದರು. ಒಂದು ವಾರ್ಡಿನ ಸ್ಥಾನ ಮಹಿಳೆಯರಿಗೆ ಮೀಸಲು. ಅದನ್ನು ಗೌಡರ ಸೊಸೆಗೆ ಇಟ್ಟಿದ್ದರು. ಸೊಸೆ ಡಿಗ್ರಿ ಓದಿದ ಹುಡುಗಿ, ಮಾತು ಕಡಿಮೆ. ಮಾವ ಹೇಳಿದ ಕಡೆ ಸಹಿ ಹಾಕಿ, ಮಾಸ್ಕಿನ ಮೇಲಿನಿಂದ ಒಂದು ಸಲ ನಮ್ಮನ್ನು ನೋಡಿ ಹೊರಟುಹೋದಳು. ಸಾಹೇಬರಿಗೆ ಆ ನಾಲ್ಕೈದು ದಿನ ನೆಮ್ಮದಿ. ಎಲ್ಲ ಅವಿರೋಧವಾದರೆ ಮತಪೆಟ್ಟಿಗೆ ಇಲ್ಲ, ಎಣಿಕೆ ಇಲ್ಲ, ತಪ್ಪು ಮಾಡಲು ಜಾಗವೇ ಇಲ್ಲ. ನಾಮಪತ್ರ ಕೊಡಲು ಮೂರರವರೆಗೆ ಅವಕಾಶವಿದ್ದ ಕೊನೆಯ ದಿನ ಮಧ್ಯಾಹ್ನ ಎರಡೂವರೆಗೇ ಅವರು ಪೆನ್ನಿನ ಟೊಪ್ಪಿಗೆ ಹಾಕಿ ಇಟ್ಟರು.

ಎರಡೂ ಮುಕ್ಕಾಲಿಗೆ ಒಬ್ಬಳು ಹೆಣ್ಣುಮಗಳು ಬಂದಳು.

ಆಕೆ ಊರಿನ ಟೇಲರು. ಮೂವತ್ತೈದರ ಆಸುಪಾಸು, ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವ. ಊರಿನ ಹೆಂಗಸರ ಕುಬಸ, ಮಕ್ಕಳ ಅಂಗಿ, ಆ ವರ್ಷವಂತೂ ಇಡೀ ಊರಿನ ಮಾಸ್ಕು, ಎಲ್ಲ ಆಕೆಯ ಮಿಷಿನ್ನಿನಿಂದಲೇ ಬಂದವು. ಸೂಚಕಳಾಗಿ ಸಹಿ ಹಾಕಲು ಪಕ್ಕದ ಮನೆಯ ಮುದುಕಿಯನ್ನು ಕೈ ಹಿಡಿದು ಕರೆತಂದಿದ್ದಳು. ಅದೇ ಮಹಿಳಾ ಮೀಸಲು ವಾರ್ಡಿಗೆ ನಾಮಪತ್ರ ತುಂಬಿದ್ದಳು, ಮತದಾರರ ಪಟ್ಟಿಯ ಪ್ರತಿ ಇತ್ತು, ಠೇವಣಿಯ ರಸೀದಿ ಇತ್ತು. ಸಾಹೇಬರು ಒಂದೊಂದನ್ನೂ ಕೈಪಿಡಿಯ ಪಟ್ಟಿಯ ಜೊತೆ ತಾಳೆ ನೋಡಿದರು. ಏನೂ ಕೊರತೆ ಇರಲಿಲ್ಲ. ಆ ಹೊತ್ತಿಗೆ ಅವರ ಹಣೆಯ ಮೇಲೆ ಬೆವರು ಮೂಡಿತ್ತು.

"ಯಾಕ ನಿಂದರಾಕತ್ತೀಯವ್ವಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತು. ಸಾಹೇಬರು ನನ್ನ ಕಡೆ ಗಾಬರಿಯಿಂದ ನೋಡಿದರು. ಆಕೆ ಮಾತ್ರ ಸಹಜವಾಗಿ ಹೇಳಿದಳು:

"ಲಗ್ನ ಆಗಿ ಈ ಊರಿಗೆ ಬಂದು ಹದಿನಾರು ವರ್ಷ ಆತ್ರಿ. ಪಂಚಾಯ್ತಿಗೆ ಒಮ್ಮಿನೂ ಓಟ ಹಾಕಿಲ್ಲ. ಪ್ರತಿ ಸಲ ಅವಿರೋಧ ಅಂತಾರ. ಓಟ ಆಗಬೇಕಂದ್ರ ಇಬ್ಬರರ ನಿಂದರಬೇಕಂತ. ಇನ್ನೊಬ್ಬರು ಯಾರರ ಬರ್ತಾರೇನೋ ಅಂತ ಕಾದೆ. ಬರಲಿಲ್ಲ. ಅದಕ್ಕ ನಾನೇ ಬಂದೆ."

ಸಾಹೇಬರು ನಾಮಪತ್ರದ ಎರಡೂ ಮಗ್ಗುಲು ತಿರುವಿ ನೋಡಿ, "ಕಾರಣ ಬರಿಯೂ ಕಾಲಂ ಇದರಾಗ ಇಲ್ಲ ಯವ್ವಾ," ಎಂದರು. ಆಮೇಲೆ ಸಮಯ ಬರೆದರು, ಕ್ರಮಸಂಖ್ಯೆ ಬರೆದರು, ರಸೀದಿ ಹರಿದು ಕೊಟ್ಟರು. ಆ ಗಳಿಗೆಯಿಂದ ಆಕೆಯನ್ನು ಯವ್ವಾ ಎನ್ನುವುದನ್ನು ಬಿಟ್ಟರು. "ಅಭ್ಯರ್ಥಿಯವರ" ಎಂದೇ ಕರೆದರು. ಊರಿನಲ್ಲಿ ಆಕೆಯನ್ನು ಬಹುವಚನದಲ್ಲಿ ಕರೆದವರಲ್ಲಿ ಇವರೇ ಮೊದಲಿಗರಿರಬೇಕು.

ಮರುದಿನ ನಾಮಪತ್ರ ಪರಿಶೀಲನೆ. ಗೌಡರ ಕಡೆಯವರು ಒಬ್ಬ ವಕೀಲರನ್ನು ಕರೆತಂದರು. ವಕೀಲರು ಮುದುಕಿಯ ಸಹಿ ಸೊಟ್ಟಗಿದೆ ಎಂದರು. ಸಾಹೇಬರು ಕೈಪಿಡಿ ತೆರೆದು, ಸಹಿ ನೇರವಾಗಿರಬೇಕು ಎಂದು ಎಲ್ಲೂ ಹೇಳಿಲ್ಲ ಎಂದು ನಡುಗುವ ದನಿಯಲ್ಲಿ ಓದಿ ತೋರಿಸಿದರು. ನಾಮಪತ್ರ ಕ್ರಮಬದ್ಧವಾಯಿತು. ಸಾಹೇಬರು ನಡುಗುತ್ತಿದ್ದುದು ವಕೀಲರಿಗಲ್ಲ. ಆಕೆಯ ನಾಮಪತ್ರ ತಪ್ಪಾಗಿ ತಿರಸ್ಕರಿಸಿದರೆ ಆಯೋಗ ಏನು ಮಾಡೀತು ಎಂಬ ಭಯಕ್ಕೆ. ಈ ಮನುಷ್ಯನ ಭಯವೆಲ್ಲ ಒಂದೇ ಕಡೆ ಖರ್ಚಾಗಿ, ಗೌಡರ ಪಾಲಿಗೆ ಏನೂ ಉಳಿದಿಲ್ಲ ಎಂದು ನನಗೆ ಆಗಲೇ ಹೊಳೆಯಿತು.

ನಾಮಪತ್ರ ಹಿಂತೆಗೆದುಕೊಳ್ಳಲು ಕೊನೆಯ ದಿನ ಬಂತು. ಮಧ್ಯಾಹ್ನ ಮೂರರವರೆಗೆ ಅವಕಾಶ. ಹನ್ನೆರಡರ ಸುಮಾರಿಗೆ ಗೌಡರು ಏಳೆಂಟು ಜನರ ಜೊತೆ ಬಂದರು. ಮುಂದೆ ಆ ಟೇಲರ ಗಂಡ, ಕೈಯಲ್ಲಿ ಒಂದು ಕಾಗದ. ಹೆಂಡತಿ ಸಹಿ ಮಾಡಿದ ಹಿಂತೆಗೆತದ ನೋಟೀಸು. ಗೌಡರ ಮುಖದ ಮೇಲೆ ಹೂಬಳ್ಳಿಯ ಮಾಸ್ಕು. ಅದನ್ನು ಹೊಲಿದವಳು ಯಾರೆಂಬುದು ಗೌಡರಿಗೆ ನೆನಪಿರಲಿಲ್ಲವೆಂದು ಕಾಣುತ್ತದೆ.

"ಮುಗೀತ್ರಿ ಸಾಹೇಬ್ರ," ಎಂದರು. "ತಗೋರಿ."

ಸಾಹೇಬರು ಕಾಗದ ಮುಟ್ಟಲಿಲ್ಲ. ಅಭ್ಯರ್ಥಿ ಖುದ್ದಾಗಿ ತರಬೇಕು, ಇಲ್ಲವೇ ಸೂಚಕರೋ ಬರಹದ ಮೂಲಕ ನೇಮಿಸಿದ ಏಜೆಂಟರೋ ತರಬೇಕು, ಗಂಡ ಎಂಬ ಪದವೇ ಈ ನಿಯಮದಲ್ಲಿ ಬರುವುದಿಲ್ಲ ಎಂದರು. ಗಂಡನಾದವನು ಹೆಂಡತಿಯ ಕಾಗದ ತರಬಾರದೇ ಎಂದು ಒಬ್ಬ ಹಿರಿಯ ಸಿಟ್ಟಾದ. ಸಾಹೇಬರು ಪುಟ ತಿರುವಿ ಅವನ ಮುಂದೆ ಹಿಡಿದು, ನೀವೇ ಹುಡುಕಿ ನೋಡಿ, ಸಿಕ್ಕರೆ ತೆಗೆದುಕೊಳ್ಳುತ್ತೇನೆ ಎಂದರು. ಅವನು ನಿಜವಾಗಿ ಸ್ವಲ್ಪ ಹೊತ್ತು ಹುಡುಕಿದ.

ಗೌಡರು ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಮೊಬೈಲನ್ನು ಮೇಜಿನ ಮೇಲೆ ಇಟ್ಟು ಸ್ಪೀಕರ್ ಹಾಕಿದರು. ಒಳಗಿನಿಂದ ದಪ್ಪ ದನಿಯೊಂದು ಬಂತು. ಅದು ಯಾರ ದನಿಯೆಂದು ನಮಗಿಬ್ಬರಿಗೂ ಗೊತ್ತಾಯಿತು. ಹೇಳುವುದು ಬೇಡ.

"ಊರು ಒಂದಾಗಿ ಇರೂದು ನಿಮಗ ಬ್ಯಾಡೇನು? ನಾಳೆ ಬೆಳಗಾಗೂದ್ರಾಗ ನಿಮ್ಮನ್ನ ಇಂಡಿ ಆಚೆ ಗಡಿಗೆ ಒಗಸ್ತೇನಿ, ನೋಡ್ರಿ."

ಸಾಹೇಬರು ಫೋನಿಗೆ ಎದ್ದು ನಿಂತರು.

"ಒಗಸ್ರಿ ಸರ್. ಆದ್ರ ಈಗ ನಾನು ಆಯೋಗದ ನಿಯೋಜನೆ ಮ್ಯಾಲೆ ಅದೇನಿ. ವರ್ಗಾವಣೆ ಆಗಬೇಕಂದ್ರ ಜಿಲ್ಲಾಧಿಕಾರಿಗಳ ಮೂಲಕ ಆಯೋಗಕ್ಕ ಪ್ರಸ್ತಾವನೆ ಹೋಗಬೇಕಾಗತೈತ್ರಿ. ಕಾರಣ ಸವಿಸ್ತಾರ ಬರೀಬೇಕು. ಹೆಂಗ ಬರಿಯೂದು ಅಂತ ನಾ ಹೇಳ್ತೇನಿ, ಪೆನ್ನು ತಗೋರಿ."

ಇದನ್ನು ಅವರು ವ್ಯಂಗ್ಯಕ್ಕೆ ಹೇಳಲಿಲ್ಲ. ವ್ಯಂಗ್ಯ ಅವರಿಗೆ ಬರುತ್ತಲೇ ಇರಲಿಲ್ಲ. ಅರ್ಜಿ ಸರಿಯಾದ ದಾರಿಯಲ್ಲಿ ಹೋಗಲಿ, ಮಧ್ಯದಲ್ಲಿ ತಿರಸ್ಕೃತವಾಗಿ ಆ ದೊಡ್ಡ ಮನುಷ್ಯರಿಗೆ ತೊಂದರೆಯಾಗದಿರಲಿ ಎಂಬುದೇ ಅವರ ಕಳಕಳಿ. ಆಚೆ ಕಡೆಯಿಂದ ಫೋನು ಕಟ್ಟಾಯಿತು. ಸಾಹೇಬರು ಕುಳಿತು ನೀರು ಕೇಳಿದರು.

ಎರಡೂ ನಲವತ್ತಕ್ಕೆ ಆಕೆಯನ್ನೇ ಕರೆತಂದರು. ಸುತ್ತ ಹದಿನೈದು ಇಪ್ಪತ್ತು ಜನ. ಆಕೆ ತಲೆ ತಗ್ಗಿಸಿಕೊಂಡಿದ್ದಳು, ಕೈಯಲ್ಲಿ ಅದೇ ಕಾಗದ. ಸಾಹೇಬರು ಅಭ್ಯರ್ಥಿಯೊಬ್ಬರನ್ನು ಬಿಟ್ಟು ಉಳಿದವರು ಹೊರಗೆ ಹೋಗಬೇಕೆಂದರು. ಯಾರೂ ಅಲುಗಲಿಲ್ಲ. ಬಾಗಿಲಲ್ಲಿ ನಿಂತ ಪೊಲೀಸನಿಗೆ ಅದನ್ನೇ ಬರೆದು ಕೊಟ್ಟರು. ಬರಹದಲ್ಲಿ ಬಂದ ಮೇಲೆ ಪೊಲೀಸನೂ ಮಾಡಲೇಬೇಕಾಯಿತು. ಬಾಗಿಲು ಮುಚ್ಚಿತು. ಒಳಗೆ ನಾವು ಮೂವರು, ಮೇಲೆ ಕಿರುಗುಡುವ ಒಂದು ಫ್ಯಾನು.

"ಈ ಸಹಿ ನಿಮ್ದೇನ್ರಿ ಅಭ್ಯರ್ಥಿಯವರ?"

"ಹೌದ್ರಿ."

"ಒಮ್ಮಿ ಇದನ್ನ ನನ್ನ ಕೈಯಾಗ ಕೊಟ್ರ ತಿರಗಿ ತಗೊಳ್ಳಾಕ ಬರಂಗಿಲ್ಲ. ಇದು ನಿಮಗ ಗೊತ್ತಿರಬೇಕು."

"ಕೊಡದಿದ್ರ?" ಎಂದಳು.

"ಕೊಡದಿದ್ರ ಮೂರಕ್ಕ ನಾನು ಅಭ್ಯರ್ಥಿಗಳ ಪಟ್ಟಿ ಬರೀತೇನಿ."

"ಏನು ಮಾಡ್ಲಿ ನಾನು? ನೀವಽ ಹೇಳ್ರಿ."

ಸಾಹೇಬರು ಕೈಪಿಡಿ ತೆಗೆದರು. ಹಿಂತೆಗೆತದ ಅಧ್ಯಾಯ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದರು. ನನಗೆ ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದು ಕಷ್ಟವಾಗಿತ್ತು. ಅವರ ಕಣ್ಣಿನಲ್ಲೂ ಏನೋ ಇತ್ತು, ಆದರೆ ಮಾಸ್ಕಿನ ಮೇಲಿನಿಂದ ಅಷ್ಟೇ ಕಾಣುವುದು.

"ಅದು ಈ ಪುಸ್ತಕದಾಗ ಇಲ್ರಿ," ಎಂದರು ಕೊನೆಗೆ.

ಆಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಬಾಗಿಲಿನ ಕಡೆ ನೋಡಿದಳು. ಆಚೆ ಗೌಡರ ಕಡೆಯವರ ಮಾತು ಕೇಳುತ್ತಿತ್ತು.

"ಮೂರರ ತನಕಾ ನಾ ಇಲ್ಲೇ ಕುಂತರ ನಡೀತೈತೇನ್ರಿ?"

ಸಾಹೇಬರು ಮತ್ತೆ ಪುಟ ತಿರುವಿದರು. ಈ ಸಲ ಸ್ವಲ್ಪ ಬೇಗ.

"ಕುಂಡ್ರಬಾರದು ಅಂತ ಎಲ್ಲೂ ಬರದಿಲ್ಲ," ಎಂದರು.

ಆಕೆ ಗೋಡೆಯ ಕಡೆಯ ಕುರ್ಚಿಯಲ್ಲಿ ಕುಳಿತಳು. ಸಾಹೇಬರು ಮೇಜಿನ ಮೇಲಿನ ಅರಗು, ದಾರ, ಗೋಂದಿನ ಬಾಟಲಿಗಳನ್ನು ಒಂದು ಸಾಲಿನಲ್ಲಿ ಇಟ್ಟರು, ಆಮೇಲೆ ಇನ್ನೊಂದು ಸಾಲಿನಲ್ಲಿ ಇಟ್ಟರು. ಹೊರಗಿನವರು ಎರಡು ಸಲ ಬಾಗಿಲು ಬಡಿದರು. ಇನ್ನೂ ಅಭ್ಯರ್ಥಿಯವರು ಒಳಗಿದ್ದಾರೆ, ಸಮಯ ಮುಗಿದಿಲ್ಲ ಎಂದು ಇವರು ಒಳಗಿನಿಂದಲೇ ಹೇಳಿದರು. ಆ ಇಪ್ಪತ್ತು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಯಾವ ಪರೀಕ್ಷಾ ಕೋಣೆಯಲ್ಲೂ ಕಂಡಿಲ್ಲ. ಮೂರಾಗುತ್ತಲೇ ಸಾಹೇಬರು ಪೆನ್ನು ತೆಗೆದು ಪಟ್ಟಿ ಬರೆದರು. ಆ ವಾರ್ಡಿಗೆ ಎರಡು ಹೆಸರು. ಪಟ್ಟಿಯನ್ನು ಹೊರಗೆ ಅಂಟಿಸುವಾಗ ಗೋಂದು ಹೆಚ್ಚಾಗಿ ಕೈಗೆಲ್ಲ ಮೆತ್ತಿತು.

ಸಂಜೆ ಜೀಪಿನಲ್ಲಿ ಬರುವಾಗ, ಆಕೆಗೆ ಒಳ್ಳೆಯ ಸಹಾಯ ಮಾಡಿದಿರಿ ಎಂದೆ. ಸಾಹೇಬರು ಬೆಚ್ಚಿಬಿದ್ದರು. "ನಾ ಏನೂ ಹೇಳಿಲ್ಲಲ್ರಿ ಮಾಸ್ತರ್ರ? ನೀವು ಅಲ್ಲೇ ಇದ್ರಿ. ನೀವು ಸಾಕ್ಷಿ." ಬಾಗೇವಾಡಿ ಬರುವವರೆಗೆ ಅದನ್ನು ಮೂರು ಸಲ ಹೇಳಿಸಿಕೊಂಡರು.

ಚಿಹ್ನೆ ಹಂಚಿಕೆಯಲ್ಲಿ ಗೌಡರು ತಮ್ಮ ಬುದ್ಧಿ ತೋರಿಸಿದರು. ಪಂಚಾಯತಿಗೆ ಪಕ್ಷಗಳ ಚಿಹ್ನೆ ಇಲ್ಲ, ಆಯೋಗ ಕೊಟ್ಟ ಪಟ್ಟಿಯಿಂದ ಆರಿಸಬೇಕು. ಆ ಪಟ್ಟಿಯಲ್ಲಿ ಹೊಲಿಗೆ ಯಂತ್ರ ಇತ್ತು. ಟೇಲರು ಅದನ್ನೇ ಕೇಳುತ್ತಾಳೆಂದು ಊಹಿಸಿದ ಗೌಡರು, ತಮ್ಮ ಸೊಸೆಯಿಂದಲೂ ಅದನ್ನೇ ಕೇಳಿಸಿದರು. ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದ ಹುಡುಗಿ ತಲೆ ತಗ್ಗಿಸಿ ಹೊಲಿಗೆ ಯಂತ್ರ ಎಂದಿತು. ಇಬ್ಬರೂ ಒಂದನ್ನೇ ಕೇಳಿದ್ದರಿಂದ ಚೀಟಿ ಎತ್ತಿದೆವು. ಹೊಲಿಗೆ ಯಂತ್ರ ಸೊಸೆಗೆ ಹೋಯಿತು. ಟೇಲರಿಗೆ ಆಟೋ ಸಿಕ್ಕಿತು. ಗೌಡರ ಕಡೆಯವರು ಹಲಗೆ ಬಡಿಸಿಕೊಂಡು ಹೋದರು.

ಅವರ ಸಂತೋಷ ಒಂದು ದಿನವೂ ಬಾಳಲಿಲ್ಲ. ಊರಿನ ಜನಕ್ಕೆ ಹೊಲಿಗೆ ಮಿಷಿನ್ನು ಅಂದರೆ ಟೇಲರು. ಗೌಡರ ಕಡೆಯವರು ಮನೆಮನೆಗೆ ಹೋಗಿ, ಮಿಷಿನ್ನಿಗೆ ಹಾಕಿ, ಆದರೆ ಟೇಲರಕ್ಕನಿಗೆ ಹಾಕಬೇಡಿ ಎಂದು ತಿಳಿಸಿ ಹೇಳುವ ಪಾಡಾಯಿತು. ಟೇಲರಕ್ಕ ತನ್ನ ಮಿಷಿನ್ನು ತುಳಿಯುತ್ತಲೇ, ನನ್ನ ಗುರುತು ಮಿಷಿನ್ನಲ್ಲ, ಆಟೋ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಊರಿನ ಅರ್ಧ ಜನ ಕೇಳಿ ಇನ್ನಷ್ಟು ಗೊಂದಲಕ್ಕೆ ಬಿದ್ದರು. ಮುದುಕರ ತಲೆ ಕೆಟ್ಟಿತು. ಇದನ್ನು ಸರಿಪಡಿಸಲು ಸಾಹೇಬರಿಗೆ ಬಾಯಿ ಇರಲಿಲ್ಲ. ಯಾರ ಚಿಹ್ನೆ ಯಾವುದೆಂದು ಅವರು ಹೇಳಿದರೆ ಅದು ಪ್ರಚಾರ.

ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಆಕೆಯೇ ಸಾಲಿನಲ್ಲಿ ಮೊದಲಿಗಳು. ಹೊರಗೆ ಬಂದು ಎಡಗೈ ಬೆರಳಿನ ಮಸಿಯನ್ನು ನೋಡಿಕೊಂಡು, ಇದು ಎಷ್ಟು ದಿನ ಇರುತ್ತದೆ ಎಂದು ನನ್ನನ್ನು ಕೇಳಿದಳು. ಒಂದು ತಿಂಗಳಾದರೂ ಇದ್ದೀತು ಎಂದೆ. ಮಧ್ಯಾಹ್ನ ಒಬ್ಬ ಅಜ್ಜಿ ಮತಗಟ್ಟೆಯಿಂದ ಹೊರಬಂದವಳೇ ಸಾಹೇಬರ ಕೈ ಹಿಡಿದು, "ಟೇಲರಕ್ಕನ ಮಿಷಿನ್ನಿಗೇ ಒತ್ತಿ ಬಂದೆ ನೋಡಪಾ," ಎಂದಳು. ಸಾಹೇಬರು ಎರಡೂ ಕಿವಿ ಮುಚ್ಚಿಕೊಂಡು ಅಲ್ಲಿಂದ ಓಡಿದರು. ಮತದ ಗೌಪ್ಯತೆಯನ್ನು ಮತದಾರಳೇ ಉಲ್ಲಂಘಿಸಿದರೆ ಕೇಳಿದ ಅಧಿಕಾರಿಯ ಗತಿ ಏನು ಎಂಬುದು ಕೈಪಿಡಿಯಲ್ಲಿ ಸ್ಪಷ್ಟವಿರಲಿಲ್ಲ.

ಎಣಿಕೆ ತಾಲ್ಲೂಕಿನ ಕಾಲೇಜಿನಲ್ಲಿ ನಡೆಯಿತು. ಹೊಲಿಗೆ ಯಂತ್ರಕ್ಕೆ ನೂರಾ ಎಂಬತ್ತಮೂರು, ಆಟೋಗೆ ನೂರಾ ಎಪ್ಪತ್ತೊಂದು. ಗೌಡರ ಸೊಸೆ ಗೆದ್ದಳು. ಹಲಗೆ ಬಡಿಯುವವರು ಬಾಗಿಲಲ್ಲಿ ಕಾದಿದ್ದರು, ಆದರೆ ಗೌಡರು ಸನ್ನೆ ಮಾಡಿ ತಡೆದರು. ಅವರ ಮುಖದ ಮೇಲೆ ಗೆದ್ದವರ ಕಳೆ ಇರಲಿಲ್ಲ. ನೂರಾ ಎಪ್ಪತ್ತೊಂದು ಎಂಬ ಅಂಕಿಯನ್ನೇ ಒಳಗೊಳಗೆ ಗುಣಿಸುತ್ತಿದ್ದರು.

ಟೇಲರು ಸಾಹೇಬರ ಮೇಜಿನ ಬಳಿ ಬಂದಳು. ಅಳಲಿಲ್ಲ, ಮಿಷಿನ್ನಿನ ಮಾತೂ ಎತ್ತಲಿಲ್ಲ. ಇಷ್ಟು ಜನ ತನಗೆ ಯಾರು ಹಾಕಿದ್ದಾರೆ, ಒಬ್ಬೊಬ್ಬರಿಗೂ ಹೋಗಿ ಕೈ ಮುಗಿಯಬೇಕಲ್ಲ ಎಂದಳು.

"ಗೊತ್ತಾಗಂಗಿಲ್ರಿ ಅಭ್ಯರ್ಥಿಯವರ," ಎಂದರು ಸಾಹೇಬರು. "ಅದು ಯಾರಿಗೂ ಗೊತ್ತಾಗಬಾರದು ಅಂತನಽ ಈ ಪೆಟಗಿ, ಈ ಅರಗು, ಈ ನಾವೆಲ್ಲಾ."

ಆಕೆ, ಹಾಗಾದರೆ ಎಲ್ಲರಿಗೂ ಮುಗಿಯುತ್ತೇನೆ ಎಂದು ಹೋದಳು.

ನೀತಿಸಂಹಿತೆ ಮುಗಿದ ಹದಿನೈದು ದಿನಕ್ಕೆ ಸಾಹೇಬರ ವರ್ಗಾವಣೆ ಆದೇಶ ಬಂತು. ಹೇಳಿದ ಮಾತಿಗೆ ಆ ದಪ್ಪ ದನಿಯವರು ತಪ್ಪಲಿಲ್ಲ. ಇಂಡಿ ತಾಲ್ಲೂಕಿನ ಝಳಕಿಯ ಕಡೆ, ಜಿಲ್ಲೆಯ ಅಂಚಿಗೆ. ಸಾಹೇಬರ ಸ್ವಂತ ಮನೆ ಇಂಡಿಯಲ್ಲೇ ಇತ್ತು. ಅಲ್ಲಿಗೆ ಹಾಕಿ ಎಂದು ಅವರು ಆರು ವರ್ಷದಿಂದ ಅರ್ಜಿ ಕೊಡುತ್ತಿದ್ದರು, ಯಾರೂ ತೆರೆದು ನೋಡಿರಲಿಲ್ಲ. ಆದೇಶ ಕೈಗೆ ಬಂದಾಗಲೂ ಎಲ್ಲಿ ಖುಷಿ ಕಂಡರೆ ರದ್ದಾದೀತೋ ಎಂದು ಒಂದು ವಾರ ಮುಖ ಸಣ್ಣ ಮಾಡಿಕೊಂಡೇ ತಿರುಗಾಡಿದರು. ಅಲ್ಲಿದ್ದಾಗ ತಾಲ್ಲೂಕು ಪಂಚಾಯತಿ ಚುನಾವಣೆಗೆಂದು ಅವರಿಗೆ ಎರಡು ಸಲ ತರಬೇತಿಯಾಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಆಕ್ಷೇಪಣೆ, ನ್ಯಾಯಾಲಯ ಎಂದು ಆ ಚುನಾವಣೆ ಬರಲೇ ಇಲ್ಲ. ಎರಡು ಸಲವೂ ಅವರು ಹೊಸ ಕೈಪಿಡಿಗೆ ರಟ್ಟು ಹಾಕಿ ಓದಿಟ್ಟುಕೊಂಡಿದ್ದರು.

ಎರಡು ವರ್ಷದ ಹಿಂದೆ ಶಾಲಾ ದಾಖಲಾತಿಯ ಕೆಲಸಕ್ಕೆಂದು ನಾನು ಆ ಊರಿಗೆ ಹೋಗಿದ್ದೆ. ಗೌಡರು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ನೋಡನೋಡುತ್ತಿದ್ದಂತೆ ದನ ಹೊಡೆದುಕೊಂಡು ಹೋಗುವವನಿಗೆ ನಮಸ್ಕಾರ ಹೇಳಿದರು. ನೀರಿನ ಕೊಡ ಹೊತ್ತ ಹೆಂಗಸನ್ನು ತಡೆದು ಮಗನ ಜ್ವರ ಇಳಿಯಿತೇ ಎಂದು ಕೇಳಿದರು. ಸೈಕಲ್ ಮೇಲೆ ಹೋಗುವವನಿಗೆ ಅರ್ಧ ಎದ್ದು ಕೈಯೆತ್ತಿದರು. ಊರಿನವರು ಹೇಳಿದ ಪ್ರಕಾರ ಚುನಾವಣೆಯಾದ ಮೇಲೆ ಓಣಿಯ ಗಟಾರು ಎರಡು ಸಲ ಬಳಿದಾಗಿತ್ತು, ಬೀದಿದೀಪ ಬಂದಿತ್ತು, ಅದೂ ಟೇಲರ ಮನೆಯ ಮುಂದಿನಿಂದ ಶುರುವಾಗಿ. ಗೌಡರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಮಾಸ್ತರ್ರ, ಆ ನೂರಾ ಎಪ್ಪತ್ತೊಂದು ಮಂದಿ ಯಾರಂತ ನಿಮಗ ಏನರ ಗೊತ್ತೈತೇನು?"

ಗೊತ್ತಾಗುವ ದಾರಿಯೇ ಇಲ್ಲ ಎಂದೆ.

"ಅವರದು ಹೋಗ್ಲಿ. ನಮಗ ಬಿದ್ದ ನೂರಾ ಎಂಬತ್ತಮೂರರಾಗ ನಮ್ಮವು ಎಷ್ಟು, ಮಿಷಿನ್ ನೋಡಿ ಆಕಿಗಂತ ಹಾಕಿದ್ದು ಎಷ್ಟು? ಅದೂ ತಿಳೀವಲ್ದು." ಸುತ್ತ ಯಾರಿಲ್ಲವೆಂದು ನೋಡಿ ದನಿ ಇಳಿಸಿದರು. "ನಮ್ಮ ಸೊಸಿ ಮೊನ್ನೆ ತಾನೇ ಹೋಗಿ ಆಕಿ ಕಡೆ ಹೊಲಿಗಿ ಕಲಿಯಾಕ ಕುಂತಾಳ. ಒಂದು ಓಟು ಮನ್ಯಾಗಿಂದನಽ ಹೋಗಿದ್ದೀತು ಅಂತ ನನಗ ಸಂಶಯ ಐತಿ."

ಆ ಸಂಜೆಯೇ ಸಾಹೇಬರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ನಮಸ್ಕಾರಗಳು, ಗಟಾರು, ದೀಪ, ಸೊಸೆ. ಅವರು ಉಸಿರು ಬಿಗಿಹಿಡಿದು ಕೇಳಿದರು.

"ಮಾಸ್ತರ್ರ," ಎಂದರು ಕೊನೆಗೆ. "ಕಾದಿಡೂ ಅವಧಿ ಮುಗಿದ ಮ್ಯಾಲೆ ಆ ಮತಪತ್ರ ಎಲ್ಲಾ ನಾಶ ಮಾಡ್ಯಾರೇನ್ರಿ?"

ಮಾಡಿದ್ದಾರೆ, ಆದೇಶವೇ ಆಗಿದೆ, ನಾನು ಕಣ್ಣಾರೆ ಓದಿದ್ದೇನೆ ಎಂದೆ.

"ಹಂಗಾರ ಇನ್ನ ನಗಾಕ ಅಡ್ಡಿ ಇಲ್ಲ ಬಿಡ್ರಿ," ಎಂದರು. ಆಮೇಲೆ ನಕ್ಕರು. ಎಷ್ಟು ಜೋರಾಗಿ ನಕ್ಕರೆಂದರೆ ನಾನು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯಬೇಕಾಯಿತು, ಆಚೆ ಕಡೆ ಅವರ ಹೆಂಡತಿ ಏನಾಯಿತು, ಏನಾಯಿತು ಎಂದು ಓಡಿ ಬಂದದ್ದೂ ಕೇಳಿಸಿತು.